ಗೇಟಿನಲ್ಲಿ ಗಾಮ ನಿಲ್ಲಬೇಕೇ? ದಕ್ಷಿಣ ಕೊಡಗಿನ ಶಾಲೆಯೊಂದರ ಪ್ರಕರಣ

ಶಾಲೆ ದಕ್ಷಿಣ ಕೊಡಗಿನದು. ಖಾಸಗಿ ಆಡಳಿತ ಮಂಡಳಿ ನಡೆಸುತ್ತದೆ, ಹತ್ತನೇ ತರಗತಿಯವರೆಗೆ ಇದೆ. ಗೇಟಿನಲ್ಲಿ ವಾಸ್ಕೋ ಡ ಗಾಮನ ಪ್ರತಿಮೆ ನಿಲ್ಲಿಸಬೇಕೇ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಇದಕ್ಕಿಂತ ಹೆಚ್ಚಿನ ಗುರುತು ಕೊಡುವುದಿಲ್ಲ. ಯಾರೆಂದು ತಿಳಿಯಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಪ್ರಶ್ನೆ ಎತ್ತಿದ ಹುಡುಗಿಯ ಮನೆತನ, ಮನೆಮಾತು, ಧರ್ಮ ಯಾವುದನ್ನೂ ಬರೆದಿಲ್ಲ. ಬರೆದ ಕೂಡಲೇ ಓದುವವರು ಅರ್ಧ ತೀರ್ಪು ಕೊಟ್ಟುಬಿಡುತ್ತಾರೆ. ಊರಿನವರು ಮಾಡಿದ್ದೂ ಅದನ್ನೇ, ಪ್ರಕರಣ ಹದಗೆಟ್ಟದ್ದೂ ಅದರಿಂದಲೇ. ನಾನು ಬೇರೊಂದು ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನಡುವೆ ಮುಖ್ಯೋಪಾಧ್ಯಾಯಿನಿ ಕರೆದರೆಂದು ಹೋದೆ. ಅದಕ್ಕಿಂತ ಹಿಂದಿನದು ಅವರ ಮತ್ತು ಅಲ್ಲಿನ ಸಮಾಜ ವಿಜ್ಞಾನದ ಮೇಷ್ಟ್ರ ಬಾಯಿಂದ ಕೇಳಿದ್ದು.

ಹಿನ್ನೆಲೆ

ಶಾಲೆಯ ನಾಲ್ಕು ಹೌಸ್‌ಗಳಿಗೆ ಶುರುವಿನಿಂದಲೂ ನಾವಿಕರ ಹೆಸರು: ಕೊಲಂಬಸ್, ಗಾಮ, ಮೆಗಲನ್, ಕುಕ್. ಯಾರು ಇಟ್ಟರು, ಯಾಕೆ ಇಟ್ಟರು ಎಂಬುದಕ್ಕೆ ಕಡತದಲ್ಲಿ ಒಂದು ಸಾಲೂ ಇಲ್ಲ. ಗಾಮ ಹೌಸ್‌ನ ಬಣ್ಣ ಹಳದಿ. ಓಟದ ಪಂದ್ಯಗಳಲ್ಲಿ ಯಾವಾಗಲೂ ಮುಂದು, ಕ್ವಿಜ್‌ನಲ್ಲಿ ಯಾವಾಗಲೂ ಹಿಂದು ಎಂಬ ಖ್ಯಾತಿ ಅದಕ್ಕಿತ್ತು. ಹೆಸರಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ, ಯೋಚಿಸುವ ಕಾರಣವೂ ಇರಲಿಲ್ಲ.

ಕಾರಣ ಹುಟ್ಟಿದ್ದು ರಜತ ಮಹೋತ್ಸವದ ತಯಾರಿಯಲ್ಲಿ. ಹಳೆ ವಿದ್ಯಾರ್ಥಿಯೊಬ್ಬರು, ಈಗ ತೋಟದ ಮಾಲೀಕರು, ಗೇಟಿನ ಎರಡೂ ಬದಿಗೆ ನಾಲ್ವರ ಎದೆಮಟ್ಟದ ಪ್ರತಿಮೆ ಮಾಡಿಸಿಕೊಡುತ್ತೇನೆ ಎಂದರು. ಮಂಡಳಿ ಖುಷಿಯಿಂದ ಒಪ್ಪಿತು. ಶಿಲ್ಪಿಗೆ ಮುಂಗಡ ಹೋಯಿತು, ಪೀಠಗಳಿಗೆ ಸಿಮೆಂಟ್ ಹಾಕಿದ್ದಾಯಿತು. ಪೀಠದ ಮೇಲೆ ಕೆತ್ತಲು ದಾನಿಗಳೇ ಒಂದು ಸಾಲು ಆರಿಸಿದ್ದರು: “ಜಗತ್ತನ್ನು ಗೆದ್ದ ಧೀರರು.”

ಅದೇ ವಾರ ಸಲಹಾ ಪೆಟ್ಟಿಗೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯ ಚೀಟಿ ಸಿಕ್ಕಿತು. ಹೆಸರು ಹಾಕಿಯೇ ಬರೆದಿದ್ದಳು. “ನಾನು ಗಾಮ ಹೌಸ್. ಕಣ್ಣೂರಿನ ಸಮುದ್ರದಲ್ಲಿ ಹೆಂಗಸರು ಮಕ್ಕಳಿದ್ದ ಹಡಗಿಗೆ ಬೆಂಕಿ ಇಡಿಸಿದವನ ಹೆಸರು ನನ್ನ ಟೀ ಶರ್ಟ್ ಮೇಲೆ ಬೇಡ. ಗೇಟಿನಲ್ಲಿ ಅವನ ಪ್ರತಿಮೆಗೆ ನಮಸ್ಕಾರ ಹೊಡೆದು ಒಳಗೆ ಬರಬೇಕಾ?”

ಕಣ್ಣೂರು ಎಂದರೆ ಅಲ್ಲಿಯವರಿಗೆ ದೂರದ ಊರಲ್ಲ. ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಅಲ್ಲಿಂದ ಮುಂದೆ ಕಣ್ಣೂರು. ಮೀನಿನ ಲಾರಿ ಬರುವ ದಾರಿ ಅದು, ಆಸ್ಪತ್ರೆಗೆ ಹೋಗುವ ದಾರಿಯೂ ಅದೇ. ಲಿಸ್ಬನ್ ಯಾರಿಗೂ ಗೊತ್ತಿಲ್ಲ, ಕಣ್ಣೂರು ಎಲ್ಲರಿಗೂ ಗೊತ್ತು. ಚೀಟಿಗೆ ತೂಕ ಬಂದದ್ದು ಆ ಒಂದು ಊರಿನ ಹೆಸರಿನಿಂದ.

ಮೊದಲು ಮಾಡಿದ್ದು

ಮೊದಲು ಏನೂ ಮಾಡಲಿಲ್ಲ. ಮೇಷ್ಟ್ರು ಹುಡುಗಿಯನ್ನು ಕರೆದು, “ಪರೀಕ್ಷೆಗೆ ಬರೋದು 1498, ಅದನ್ನ ಬರಿ ಸಾಕು” ಅಂದರು. ಅವರು ಕೆಟ್ಟವರಲ್ಲ. ಪಠ್ಯ ಮುಗಿಸುವ ಹೊತ್ತಿನಲ್ಲಿ ನಾನಾಗಿದ್ದರೂ ಅದಕ್ಕಿಂತ ಬಹಳ ಒಳ್ಳೆಯ ಮಾತು ಹೇಳುತ್ತಿದ್ದೆನೆಂಬ ನಂಬಿಕೆ ನನಗಿಲ್ಲ. ಆದರೆ ಹುಡುಗಿ ಸುಮ್ಮನಾಗಲಿಲ್ಲ. ಟೀ ಶರ್ಟ್ ಮೇಲಿನ ಹೆಸರಿಗೆ ಹಳದಿ ಬಟ್ಟೆಯ ತುಂಡು ಹೊಲಿದುಕೊಂಡು ಬಂದಳು. ಅಚ್ಚುಕಟ್ಟಾದ ಹೊಲಿಗೆ, ದೂರದಿಂದ ತೇಪೆಯೆಂದೇ ತಿಳಿಯುತ್ತಿರಲಿಲ್ಲ. ಪಿ.ಟಿ. ಮೇಷ್ಟ್ರಿಗೆ ಮಾತ್ರ ತಿಳಿಯಿತು. ವಿಷಯ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಯಿತು.

ಅವರು ಚರ್ಚಾಸ್ಪರ್ಧೆ ಇಟ್ಟರು. ವಿಷಯ: ವಾಸ್ಕೋ ಡ ಗಾಮ ಧೀರನೋ ಕ್ರೂರಿಯೋ. ಉದ್ದೇಶ ಒಳ್ಳೆಯದೇ. ಪರ ಮಾತಾಡಿದ ಹುಡುಗ ಗೆದ್ದ, ಕಪ್ ತಗೊಂಡ. ಆಮೇಲೆ ನನಗೆ ಹೇಳಿದ: “ಎದುರು ಪಕ್ಷ ಕೊಟ್ಟಿದ್ರೂ ನಾನೇ ಗೆಲ್ತಿದ್ದೆ ಸರ್.” ಅದು ಸತ್ಯ. ಎರಡೂ ಕಡೆಯವರು ಇಂಟರ್ನೆಟ್ಟಿನಿಂದ ಇಳಿಸಿದ ಸಾಲುಗಳನ್ನು ಬಾಯಿಪಾಠ ಮಾಡಿದ್ದರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹೋಗಲೇ ಇಲ್ಲ. ಚರ್ಚಾಸ್ಪರ್ಧೆ ಮಾತು ಕಲಿಸುತ್ತದೆ, ಒಪ್ಪುತ್ತೇನೆ. ಒಬ್ಬ ಮನುಷ್ಯ ಏನು ಮಾಡಿದ ಎಂದು ತಿಳಿದುಕೊಳ್ಳಲು ಅದು ತೀರಾ ಕೆಟ್ಟ ದಾರಿ.

ಸಭಾಂಗಣದಲ್ಲಿ ಕೂತಿದ್ದ ಪೋಷಕರೊಬ್ಬರು ಅದರ ಒಂದು ತುಣುಕನ್ನು ವಾಟ್ಸ್ಆ್ಯಪ್‌ಗೆ ಬಿಟ್ಟರು. ಸಂಜೆಯೊಳಗೆ ಅದಕ್ಕೆ ಇನ್ನೊಂದು ತಲೆಬರಹ ಅಂಟಿತ್ತು: ಇಂಥವರ ಒತ್ತಡಕ್ಕೆ ಮಣಿದು ಶಾಲೆಯ ಇತಿಹಾಸ ಅಳಿಸುತ್ತಿದ್ದಾರೆ. ‘ಇಂಥವರು’ ಯಾರು ಎಂಬುದನ್ನು ಓದುವವರು ತಮಗೆ ಬೇಕಾದಂತೆ ತುಂಬಿಕೊಂಡರು. ಸುಟ್ಟ ಹಡಗು ಮೆಕ್ಕಾದಿಂದ ಬರುತ್ತಿತ್ತು ಎಂಬುದು ತಿಳಿದ ಮೇಲಂತೂ ಕೇಳಬೇಕೇ. ಕೊಡಗಿನಲ್ಲಿ ಯಾರಿಗೆ ಮರ್ಯಾದೆ ಎಂಬ ಪ್ರಶ್ನೆ ಸುಲಭದ್ದಲ್ಲ. 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಜೀವ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. 2019ರಲ್ಲಿ ಸರ್ಕಾರ ಆ ಆಚರಣೆಯನ್ನೇ ನಿಲ್ಲಿಸಿದ ಮೇಲೂ ಎದೆಯೊಳಗಿನ ಕೆಂಡ ಆರಿಲ್ಲ. ಐನೂರು ವರ್ಷ ಹಿಂದಿನ ಪೋರ್ಚುಗೀಸನ ಪ್ರತಿಮೆ ಹೀಗೆ ಎರಡೇ ದಿನದಲ್ಲಿ ಊರಿನ ಹಳೇ ಜಗಳದ ಹೊಸ ನೆಪವಾಯಿತು.

ಆಗ ನನಗೆ ಫೋನ್ ಬಂತು.

ಎರಡು ಷರತ್ತು

ಇನ್ನು ಚರ್ಚೆ ಬೇಡ, ಮಕ್ಕಳಿಂದ ಓಟು ಹಾಕಿಸುವುದೂ ಬೇಡ ಅಂದೆ. ಮುಖ್ಯೋಪಾಧ್ಯಾಯಿನಿಗೆ ಎರಡನೆಯದು ಹಿಡಿಸಲಿಲ್ಲ. ಮಕ್ಕಳ ಶಾಲೆ, ಮಕ್ಕಳೇ ತೀರ್ಮಾನಿಸಲಿ ಎಂಬುದು ಅವರ ವಾದ. ಕೇಳಲು ಚೆಂದ. ಆದರೆ ಆ ವಾತಾವರಣದಲ್ಲಿ ಕೈ ಎತ್ತಿದ ಪ್ರತಿಯೊಂದು ಮಗುವಿನ ಹಿಂದೆ ಅದರ ಮನೆ ಕಾಣುತ್ತಿತ್ತು. ಪ್ರತಿಮೆ ನಿಲ್ಲಿಸಲು ಒಪ್ಪಿದವರು ದೊಡ್ಡವರು, ಬೇಡವೆನ್ನುವ ಹೊಣೆಯೂ ಅವರದೇ ಆಗಬೇಕು. ಅವನು ಏನು ಮಾಡಿದ, ಅವನ ಕಾಲದವರು ಅದನ್ನು ಏನೆಂದುಕೊಂಡರು, ಇವೆರಡನ್ನು ಮಕ್ಕಳು ನೋಡಲಿ. ನಮ್ಮ ಗೇಟಿನಲ್ಲಿ ನಿಲ್ಲಿಸಬೇಕೇ ಎಂಬುದನ್ನು ಮಂಡಳಿ ನೋಡಲಿ. ಹಾಗೆ ಬೇರ್ಪಡಿಸಿದೆವು. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದೇ.

ಒಂಬತ್ತನೇ ತರಗತಿಗೆ ಶನಿವಾರ ಮಧ್ಯಾಹ್ನಗಳಲ್ಲಿ ಓದು ಇಟ್ಟೆವು. ಗ್ರಂಥಾಲಯದಲ್ಲಿ ಜಮಖಾನ ಹಾಸಿ ಕೂತದ್ದು. ಕೆಲವೇ ಪುಟಗಳು, ನಾನೇ ಕನ್ನಡಕ್ಕೆ ಮಾಡಿಕೊಂಡು ಹೋಗಿದ್ದೆ: ಮೊದಲ ಯಾನದಲ್ಲಿ ಗಾಮನ ಜೊತೆಗಿದ್ದ ಒಬ್ಬನ ದಿನಚರಿಯಿಂದ ಕೆಲವು, ಎರಡನೇ ಯಾನದಲ್ಲಿದ್ದ ತೊಮೆ ಲೋಪೆಸ್ ಎಂಬ ಹಡಗಿನ ಗುಮಾಸ್ತನ ಬರಹದಿಂದ ಕೆಲವು, ಪೊನ್ನಾನಿಯ ವಿದ್ವಾಂಸ ಶೇಖ್ ಜೈನುದ್ದೀನ್ ಮಖ್ದೂಮ್ 16ನೇ ಶತಮಾನದಲ್ಲಿ ಅರಬ್ಬಿಯಲ್ಲಿ ಬರೆದ ಮಲಬಾರಿನ ಕಥನದಿಂದ ಒಂದು.

ಹಡಗು ಸುಟ್ಟದ್ದರಿಂದ ಶುರು ಮಾಡಿದರೆ ಬೇಗ ಮುಗಿಯುತ್ತಿತ್ತು. ಬೇಕೆಂದೇ ಮಾಡಲಿಲ್ಲ. ಗಾಮನ ದೊಡ್ಡತನ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿದೆವು. ಭೂಪಟದ ಮೇಲೆ ದಾರ ಇಟ್ಟು ಅಳೆದೆವು. 1497ರ ಜುಲೈ 8ರಂದು ನಾಲ್ಕು ಹಡಗು ಲಿಸ್ಬನ್ ಬಿಟ್ಟವು. ಆಫ್ರಿಕದ ದಂಡೆಗುಂಟ ಹೋದರೆ ಎದುರುಗಾಳಿ ಎಂದು, ಆಗಸ್ಟ್ ಮೊದಲ ವಾರ ಕೇಪ್ ವರ್ಡೆ ದ್ವೀಪಗಳಿಂದ ಹೊರಟು ಅಟ್ಲಾಂಟಿಕ್ ನಡುವಿಗೆ ನುಗ್ಗಿ, ದೊಡ್ಡ ಬಳಸು ಹಾಕಿ ಮತ್ತೆ ನೆಲ ಕಂಡದ್ದು ನವೆಂಬರ್ 4ಕ್ಕೆ. ಮೂರು ತಿಂಗಳು ಸುತ್ತ ನೀರು ಬಿಟ್ಟು ಬೇರೇನೂ ಇಲ್ಲ. ಗುಡ್ ಹೋಪ್ ಭೂಶಿರವನ್ನು 1488ರಲ್ಲೇ ಬಾರ್ತಲೋಮಿಯು ಡಯಾಸ್ ಸುತ್ತಿ ಬಂದಿದ್ದ ನಿಜ. ಅಲ್ಲಿಂದ ಮುಂದೆ ದಂಡೆಯ ಉದ್ದಕ್ಕೂ ಹತ್ತಿ ಬಂದು, ಪೂರ್ವ ಆಫ್ರಿಕದ ಮಾಲಿಂದಿಯಿಂದ ಅರಬ್ಬೀ ಸಮುದ್ರ ದಾಟಿದವನು ಗಾಮ. ಹೊರಟವರು ಸುಮಾರು 170 ಜನ, ತಿರುಗಿ ಊರು ಮುಟ್ಟಿದವರು ಮೂರನೇ ಒಂದು ಪಾಲಿನಷ್ಟು. ಉಳಿದವರಲ್ಲಿ ಹೆಚ್ಚಿನವರನ್ನು ಒಸಡು ಬಾತು ಹಲ್ಲು ಉದುರುವ ಸ್ಕರ್ವಿ ತಿಂದಿತು. ಗಾಮನ ಅಣ್ಣ ಪಾವ್ಲೊ ಕೂಡ ಮನೆ ಸೇರಲಿಲ್ಲ; ಅಝೋರ್ಸ್ ದ್ವೀಪದಲ್ಲಿ ತೀರಿಕೊಂಡ.

ಚೀಟಿ ಬರೆದ ಹುಡುಗಿ ಆ ದಿನ ಮುಖ ಗಂಟಿಕ್ಕಿ ಕೂತಿದ್ದಳು. ಕೊನೆಗೆ “ಧೈರ್ಯ ಇತ್ತು ಬಿಡಿ ಸರ್” ಅಂದಳು, ಒಲ್ಲದ ಮನಸ್ಸಿನಿಂದ.

ಮಾಲಿಂದಿಯ ಭಾಗ ಮಕ್ಕಳಿಗೆ ಬಹಳ ಹಿಡಿಸಿತು. ಅಲ್ಲಿಯ ದೊರೆ ದಾರಿ ಬಲ್ಲ ಒಬ್ಬ ನಾವಿಕನನ್ನು ಜೊತೆಗೆ ಕಳಿಸಿದ. 1498ರ ಏಪ್ರಿಲ್ 24ಕ್ಕೆ ಹೊರಟವರಿಗೆ ಮೇ 18ಕ್ಕೆ ಮಲಬಾರಿನ ಎತ್ತರದ ಬೆಟ್ಟ ಕಂಡಿತು. ಅದು ಕಣ್ಣೂರು ಕಡೆಯ ಏಳಿಮಲೆ ಎಂದು ಹೇಳುವುದುಂಟು. 20ಕ್ಕೆ ಕಲ್ಲಿಕೋಟೆಯ ಹತ್ತಿರ ಲಂಗರು. ಮುಂಗಾರಿಗೆ ಸ್ವಲ್ಪ ಮುಂಚೆ ಬೀಸುವ ಗಾಳಿ ಹಿಡಿದು ಬಂದದ್ದು. ವಾಪಸ್ ಹೋಗುವಾಗ ಗಾಳಿ ತಿರುಗುವುದನ್ನು ಕಾಯದೆ ಹೊರಟ. ಅದೇ ಸಮುದ್ರ ದಾಟಲು ಮೂರು ತಿಂಗಳು ಹಿಡಿಯಿತು, ಜನ ಸತ್ತದ್ದೂ ಆಗಲೇ ಹೆಚ್ಚು. ಮಳೆಗಾಲದ ಲೆಕ್ಕ ಹುಟ್ಟಿದಾಗಿನಿಂದ ಕೇಳುತ್ತ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. “ಹಾಗಾದ್ರೆ ಆ ಮಾಲಿಂದಿಯವನ ಪ್ರತಿಮೆ ಇಡಿ” ಅಂತ ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಇದೇ ಮಾತು ಹೇಳಿದಾಗ ಯಾರೂ ನಗಲಿಲ್ಲ.

ಕಲ್ಲಿಕೋಟೆಯ ದೊರೆ ಸಾಮೂದಿರಿಗೆ ಗಾಮ ಕೊಡಲು ಹೊರಟ ಉಡುಗೊರೆಯ ಪಟ್ಟಿಯನ್ನು ಒಬ್ಬಳು ಗಟ್ಟಿಯಾಗಿ ಓದಿದಳು. ಪಟ್ಟೆ ಬಟ್ಟೆ ಹನ್ನೆರಡು ತುಂಡು, ಕೆಂಪು ಕುಲಾವಿ ನಾಲ್ಕು, ಟೋಪಿ ಆರು, ಹವಳದ ಸರ ನಾಲ್ಕು, ಕೈತೊಳೆಯುವ ಬೋಗುಣಿ ಆರು, ಒಂದು ಪೆಟ್ಟಿಗೆ ಸಕ್ಕರೆ, ಎಣ್ಣೆ ಎರಡು ಪೀಪಾಯಿ, ಜೇನು ಎರಡು ಪೀಪಾಯಿ. ಜೇನಿನ ಹತ್ತಿರ ಬರುವಾಗ ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಮಲೆನಾಡಿಗೆ ಜೇನು ತಂದವನು! ಅರಮನೆಯ ಅಧಿಕಾರಿಗಳೂ ನಕ್ಕರೆಂದು ದಿನಚರಿಯೇ ಹೇಳುತ್ತದೆ. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಅಂದರಂತೆ. ಜಗತ್ತು ಗೆದ್ದವನು ಎಂದು ಪೀಠದ ಮೇಲೆ ಕೆತ್ತಲು ಹೊರಟಿದ್ದವನು ಆ ದಿನ ಕಲ್ಲಿಕೋಟೆಯಲ್ಲಿ ತಲೆತಗ್ಗಿಸಿ ನಿಂತಿದ್ದ.

ಯಾರ ಕಡೆಯವನು?

ಮುಂದಿನ ಶನಿವಾರ 1502. ಈ ಸಲ ಗಾಮ ಬಂದದ್ದು ದಂಡಿನ ಸಮೇತ, ಸೇಡು ಇಟ್ಟುಕೊಂಡು. ಸೇಡಿಗೆ ಕಾರಣ ಇರಲಿಲ್ಲವೆಂದಲ್ಲ, ಅದನ್ನೂ ಮಕ್ಕಳಿಗೆ ಹೇಳಿದೆ. ನಡುವೆ ಬಂದಿದ್ದ ಪೋರ್ಚುಗೀಸ್ ದಂಡಿನ ನಾಯಕ ಕಬ್ರಾಲ್ ಕಲ್ಲಿಕೋಟೆಯಲ್ಲಿ ವ್ಯಾಪಾರಿಗಳ ಹಡಗೊಂದನ್ನು ಹಿಡಿದ. ಜನ ರೊಚ್ಚಿಗೆದ್ದು ಪೋರ್ಚುಗೀಸರ ಕೋಠಿಯ ಮೇಲೆ ಬಿದ್ದು ಹಲವರನ್ನು ಕೊಂದರು. ಕಬ್ರಾಲ್ ತಿರುಗಿ ಹಡಗುಗಳನ್ನು ಸುಟ್ಟು ಪಟ್ಟಣದ ಮೇಲೆ ಫಿರಂಗಿ ಹಾರಿಸಿದ. ಇದು 1500ರ ಡಿಸೆಂಬರ್. ಯಾರು ಮೊದಲು ಎಂಬ ಎಳೆ ಹಿಡಿದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ.

ಆಮೇಲೆ ಲೋಪೆಸ್‌ನ ಪುಟ. ಮೀರಿ ಎಂಬ ಹಡಗು ಮೆಕ್ಕಾದ ಯಾತ್ರಿಕರನ್ನು ತುಂಬಿಕೊಂಡು ಕಲ್ಲಿಕೋಟೆಗೆ ತಿರುಗಿ ಬರುತ್ತಿತ್ತು. ಇನ್ನೂರಕ್ಕೂ ಹೆಚ್ಚು ಗಂಡಸರು, ಜೊತೆಗೆ ಹೆಂಗಸರು, ಮಕ್ಕಳು. ಕಣ್ಣೂರಿನ ಮುಂದಿನ ಕಡಲಿನಲ್ಲಿ ಗಾಮನ ಹಡಗುಗಳು ಅದನ್ನು ಅಡ್ಡಗಟ್ಟಿದವು. ಹಡಗಿನಲ್ಲಿದ್ದ ಸಿರಿವಂತ ವ್ಯಾಪಾರಿಗಳು ಬಿಡುಗಡೆಗೆ ಹಣ ಕೊಡುತ್ತೇವೆಂದರು, ಮೆಣಸು ಮಸಾಲೆ ತುಂಬಿಸಿಕೊಡುತ್ತೇವೆಂದರು. ಗಾಮ ಒಪ್ಪಲಿಲ್ಲ. ಸರಕು ಇಳಿಸಿಕೊಂಡು ಹಡಗಿಗೆ ಬೆಂಕಿ ಇಡಲು ಹೇಳಿದ. ಒಳಗಿದ್ದವರು ಬೆಂಕಿ ಆರಿಸಿದರು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಿದರು. ಹೆಂಗಸರು ಒಡವೆ ಎತ್ತಿ ತೋರಿಸಿದರು, ಎಳೆ ಮಕ್ಕಳನ್ನು ಎತ್ತಿ ಹಿಡಿದು ಕೈಮುಗಿದರು. ಗಾಮ ತನ್ನ ಹಡಗಿನ ಕಿಂಡಿಯಿಂದ ಇದನ್ನೆಲ್ಲ ನೋಡುತ್ತಿದ್ದನೆಂದು ಲೋಪೆಸ್ ಬರೆಯುತ್ತಾನೆ. ದಿನಗಳು ಕಳೆದ ಮೇಲೆ ಹಡಗು ಉರಿಯಿತು. ಇಪ್ಪತ್ತರಷ್ಟು ಮಕ್ಕಳನ್ನು ಮಾತ್ರ ಇಳಿಸಿಕೊಂಡು ಮತಾಂತರ ಮಾಡಿದರು. ಬದುಕಿರುವವರೆಗೂ ಆ ದಿನವನ್ನು ಮರೆಯಲಾರೆ ಎಂಬರ್ಥದ ಮಾತು ಲೋಪೆಸ್‌ನ ಬರಹದಲ್ಲಿದೆ. ದಿನಾಂಕವನ್ನೂ ಬರೆದಿಟ್ಟಿದ್ದಾನೆ: ಅಕ್ಟೋಬರ್ 3, ಸೋಮವಾರ.

ಓದಿದ್ದು ಚರ್ಚೆಯಲ್ಲಿ ಕಪ್ ಗೆದ್ದ ಹುಡುಗ. ಅವನಿಗೇ ಓದಲು ಕೊಡಿ ಎಂದಿದ್ದವರು ಮೇಷ್ಟ್ರು, ಒಳ್ಳೆಯ ಆಯ್ಕೆ. ಮುಗಿಸಿ ಹಾಳೆ ತಿರುಗಿಸಿ ನೋಡಿದ, ಹಿಂದೆ ಇನ್ನೇನಾದರೂ ಇದೆಯೋ ಎಂಬಂತೆ. ಆಮೇಲೆ ಕೇಳಿದ: “ಸರ್, ಈ ಲೋಪೆಸ್ ಯಾರ ಕಡೆಯವನು?”

“ಗಾಮನ ಕಡೆಯವನೇ. ಅವನ ದಂಡಿನ ಹಡಗಿನಲ್ಲೇ ಇದ್ದವನು.”

“ಅಂದ್ರೆ ಆ ಕಾಲದಲ್ಲೇ, ಅವನ ಜೊತೆಯಲ್ಲಿದ್ದವರಿಗೇ, ಇದು ಜಾಸ್ತಿ ಆಯ್ತು ಅನ್ನಿಸಿತ್ತು.”

ಗಾಮನ ಪರವಾಗಿ ಹೇಳುವವರೆಲ್ಲರ ಗಟ್ಟಿ ವಾದ ಒಂದೇ: ಅವನ ಕಾಲ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಳೆಯಬೇಡಿ. ಚರ್ಚೆಯಲ್ಲಿ ಈ ಹುಡುಗ ಗೆದ್ದದ್ದೂ ಅದರಿಂದಲೇ. ವಾದ ಪೊಳ್ಳಲ್ಲ, ಬಹಳಷ್ಟು ಕಡೆ ಅದು ಸರಿಯೂ ಹೌದು. ಹಡಗು ದೋಚುವುದು ಆ ಕಾಲಕ್ಕೆ ಅಪರೂಪವಲ್ಲ. ದುಡ್ಡು ಕೊಡುತ್ತೇವೆಂದು ಶರಣು ಬಂದ ಯಾತ್ರಿಕರನ್ನು, ಲಾಭವನ್ನೂ ಬಿಟ್ಟು, ಮಕ್ಕಳ ಸಮೇತ ಸುಡುವುದು ಆ ಕಾಲಕ್ಕೂ ವಾಡಿಕೆಯಲ್ಲ. ಹಾಗೆ ಹೇಳುತ್ತಿರುವವನು 21ನೇ ಶತಮಾನದ ಮೇಷ್ಟ್ರಲ್ಲ. ಅದೇ ದಂಡಿನಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ವಾದವನ್ನು ಗೆಲ್ಲಿಸಿದ ಹುಡುಗನೇ ಅದನ್ನು ಬಿಚ್ಚಿ ಹಾಕಿದ. ನಾನು ಬಾಯಿ ತೆರೆಯಲಿಲ್ಲ.

ಮುಂದೆ ಕಲ್ಲಿಕೋಟೆಯ ಮುಂದೆ ನಡೆದದ್ದನ್ನು ಹೇಳಿದ್ದು ಎರಡೇ ಮಾತಿನಲ್ಲಿ: ಮೂವತ್ತಕ್ಕೂ ಹೆಚ್ಚು ಜನರನ್ನು, ಹೆಚ್ಚಿನವರು ಬಡ ಮೀನುಗಾರರು, ಹಡಗಿನ ಕಂಬಗಳಿಗೆ ನೇತುಹಾಕಿ, ಆಮೇಲೆ ಅವರ ಕೈ ಕಾಲು ಕತ್ತರಿಸಿ ದೋಣಿಯಲ್ಲಿ ತುಂಬಿ ಸಾಮೂದಿರಿಗೆ ಓಲೆಯ ಜೊತೆ ಕಳಿಸಿದರು. ವಿವರ ಓದಿಸಲಿಲ್ಲ. ಹದಿನಾಲ್ಕು ವರ್ಷದವರಿಗೆ ಎಷ್ಟು ಬೇಕೋ ಅಷ್ಟು ಆಗಿತ್ತು.

ಎರಡನೇ ಬೆಂಕಿ

ಅದೇ ಮಧ್ಯಾಹ್ನ ಇನ್ನೊಬ್ಬ ಹುಡುಗ ಎದ್ದು ಕೇಳಿದ ಪ್ರಶ್ನೆ ನಿಜವಾಗಿ ಕಷ್ಟದ್ದು. “ಇದೇ ಅಳತೆ ಆದ್ರೆ ನಮ್ಮ ರಾಜರು? ದೊಡ್ಡ ವೀರರಾಜೇಂದ್ರ ಕೊನೆಗಾಲದಲ್ಲಿ ಸಂಶಯ ತಲೆಗೇರಿ ತನ್ನವರನ್ನೇ ಕೊಲ್ಲಿಸಿದ ಅಂತ ಅಜ್ಜ ಹೇಳ್ತಾರೆ. ವಿರಾಜಪೇಟೆ ಅಂತ ಊರಿಗೆ ಅವನದ್ದೇ ಹೆಸರು.” ಅಜ್ಜ ಹೇಳಿದ್ದು ನಿಜ. 1809ರಲ್ಲಿ ಸಾಯುವ ಮುಂಚಿನ ವರ್ಷಗಳಲ್ಲಿ ಆ ದೊರೆಯ ಕೈಯಲ್ಲಿ ಸತ್ತವರು ಕಡಿಮೆಯಲ್ಲ. ಕೊಡಗನ್ನು ಉಳಿಸಿಕೊಂಡವನೂ ಅವನೇ.

ಮೇಷ್ಟ್ರು ನನ್ನ ಮುಖ ನೋಡಿದರು. ಆ ದಾರಿಯಲ್ಲಿ ಇನ್ನೆರಡು ಹೆಜ್ಜೆ ಇಟ್ಟರೆ ಮಾತು ಶ್ರೀರಂಗಪಟ್ಟಣ ಮುಟ್ಟುತ್ತದೆ, ಅಲ್ಲಿಂದ ತಿರುಗಿ ಬರುವುದಿಲ್ಲ. ಮುಖ್ಯೋಪಾಧ್ಯಾಯಿನಿ ನಡುವೆ ಬಂದು, ಈ ಪ್ರಶ್ನೆಯನ್ನು ಬರೆದು ಕೊಡು, ಮುಂದಿನ ವರ್ಷ ಇದಕ್ಕೇ ಓದು ಇಡೋಣ ಅಂದರು. ಹುಡುಗ ಬರೆದುಕೊಟ್ಟ. ಆ ತಿಂಗಳಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆದರೆ ಮುಂದಿನ ವರ್ಷ ಆ ಓದು ನಡೆಯಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಪರದೇಶದವನ ತಪ್ಪು ಓದುವ ಧೈರ್ಯ ನಮಗೆ ಬೇಗ ಬರುತ್ತದೆ. ಹುಡುಗ ಹತ್ತನೆಯದು ಮುಗಿಸಿ ಹೋದ. ಅವನಿಗೆ ಉತ್ತರ ಕೊಡುವುದು ಇನ್ನೂ ಬಾಕಿ ಇದೆ.

ಮಂಡಳಿಯ ಸಭೆ

ಸಭೆ ಮೂರು ಸಲ ಮುಂದೆ ಹೋಯಿತು. ಕಾಫಿ ಕೊಯ್ಲು, ಕಣದಲ್ಲಿ ಕಾಫಿ ಹರಡಿಟ್ಟು ಸಭೆಗೆ ಬರುವವರು ಯಾರು? ಕೊನೆಗೆ ಸೇರಿದಾಗ ಬಿಸಿ ಸ್ವಲ್ಪ ಇಳಿದಿತ್ತು. ಕಾಫಿ ಕೊಯ್ಲಿಗೆ ಈ ಪ್ರಕರಣದ ಪರವಾಗಿ ಒಂದು ಕೃತಜ್ಞತೆ ಸಲ್ಲಬೇಕು.

ದಾನಿಗಳೂ ಬಂದಿದ್ದರು. ಸಿಟ್ಟಿನಲ್ಲಿದ್ದರು. ಒಬ್ಬ ಸದಸ್ಯರು ಅವರ ಪರ ನಿಂತು, ಗಾಮ ಬಾರದಿದ್ದರೆ ಮೆಣಸಿನಕಾಯಿ ಎಲ್ಲಿತ್ತು, ಗೋಡಂಬಿ ಎಲ್ಲಿತ್ತು, ನಮ್ಮ ಕಾಫಿ ಎಲ್ಲಿತ್ತು ಅಂದರು. ಮೆಣಸಿನಕಾಯಿ, ಗೋಡಂಬಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಹೌದು, ಗಾಮನ ಕೈಯಲ್ಲಿ ಅಲ್ಲ. ಕಾಫಿಗೂ ಅವರಿಗೂ ಸಂಬಂಧವಿಲ್ಲ; ಅದನ್ನು ಯೆಮೆನ್‌ನಿಂದ ತಂದ ಬಾಬಾ ಬುಡನ್ ಕಥೆ ಚಿಕ್ಕಮಗಳೂರಿನ ಕಡೆ ಮಕ್ಕಳಿಗೂ ಗೊತ್ತು. ಗಾಮ ಬಂದದ್ದು ಕರಿಮೆಣಸಿಗೆ. “ಅವನು ಮೆಣಸು ಹುಡುಕಿಕೊಂಡು ಇಲ್ಲಿಗೆ ಬಂದ, ಈಗ ವಿಯೆಟ್ನಾಮಿನ ಮೆಣಸು ನಮ್ಮಲ್ಲಿಗೆ ಬಂದು ನಮ್ಮ ರೇಟು ಕೆಡಿಸ್ತಿದೆ” ಎಂದು ಮೂಲೆಯಿಂದ ಯಾರೋ ಅಂದರು. ಸಭೆ ಕಾಲು ಗಂಟೆ ಮೆಣಸಿನ ದರದಲ್ಲಿ ಹೋಯಿತು.

ನಾನು ಓದಿದ ಪುಟಗಳನ್ನೇ ಅಲ್ಲೂ ಓದಿದೆ. ಮೊದಲ ಯಾನ ಮೊದಲು, ಮೀರಿ ಆಮೇಲೆ. ಇನ್ನೊಂದು ಮಾತನ್ನೂ ಸೇರಿಸಿದೆ: ಗಾಮನನ್ನು ಮಹಾಪುರುಷನ ಎತ್ತರಕ್ಕೆ ಏರಿಸಿದ್ದು ಅವನ ಕಾಲದವರಿಗಿಂತ ಹೆಚ್ಚಾಗಿ 1572ರಲ್ಲಿ ಬಂದ ಪೋರ್ಚುಗೀಸ್ ಕವಿ ಕಮೋಯಿಸ್‌ನ ಮಹಾಕಾವ್ಯ. ಗಾಮ ಕೊಚ್ಚಿಯಲ್ಲಿ 1524ರ ಡಿಸೆಂಬರ್ 24ರಂದು ಸತ್ತು ಆಗಲೇ ಅರ್ಧ ಶತಮಾನ ಸಮೀಪಿಸಿತ್ತು. ಪೋರ್ಚುಗಲ್ ಅವನ ಹೆಸರನ್ನು ಸೇತುವೆಗೆ ಇಟ್ಟರೆ ಅದಕ್ಕೊಂದು ಕಾರಣವಿದೆ. ಆ ದೇಶಕ್ಕೆ ಅವನಿಂದ ಸಿರಿ ಬಂತು. 1998ರಲ್ಲಿ ಐನೂರು ವರ್ಷ ತುಂಬಿದಾಗ ಕೇರಳ, ಗೋವಾಗಳಲ್ಲಿ ಆಚರಣೆಗೆ ವಿರೋಧ ಎದ್ದದ್ದಕ್ಕೂ ಕಾರಣವಿದೆ. ಹಾಗಾದರೆ ಕೊಡಗಿನ ಶಾಲೆಗೆ ಯಾವ ಕಾರಣ? ಅವನು ಇಲ್ಲಿಗೆ ಏನು ಮಾಡಿದನೆಂದು ನಾವು ಕೈ ಎತ್ತಿ ಮುಗಿಯುವುದು?

ದಾನಿಗಳು ಸುಮಾರು ಹೊತ್ತು ಸುಮ್ಮನಿದ್ದು, “ನಾನು ಗಾಮ ಹೌಸ್ ಕ್ಯಾಪ್ಟನ್ ಆಗಿದ್ದೆ” ಅಂದರು. ಅಷ್ಟೇ. ಎರಡನೇ ತಿರುವು ಅದು. ಅವರಿಗೆ ಪೋರ್ಚುಗೀಸನ ಮೇಲೆ ಯಾವ ಅಭಿಮಾನವೂ ಇರಲಿಲ್ಲ. ಮೀರಿ ಹಡಗಿನ ಕಥೆ ಅವರು ಕೇಳಿದ್ದು ಆ ದಿನವೇ. ಅವರು ಕಾಪಾಡಲು ಹೊರಟಿದ್ದು ತಮ್ಮ ಹದಿನೈದನೇ ವಯಸ್ಸನ್ನು, ರಿಲೇ ಗೆದ್ದ ದಿನವನ್ನು, ಹಳದಿ ಬಾವುಟವನ್ನು. ಅದನ್ನು ಯಾರೂ ಕಸಿಯಲು ಹೊರಟಿರಲಿಲ್ಲ. ಆದರೆ ಪ್ರತಿಮೆ ಬೇಡ ಎಂದವರ ಮಾತು ಅವರ ಕಿವಿಗೆ ಹಾಗೆಯೇ ಕೇಳಿಸಿತ್ತು. ಇದು ತಿಳಿದ ಮೇಲೆ ಸಭೆ ಮಾತಾಡಿದ್ದು ಗಾಮನ ಬಗ್ಗೆ ಕಡಿಮೆ, ಹೌಸ್ ಬಗ್ಗೆ ಹೆಚ್ಚು: ಹಳೇ ಕಪ್‌ಗಳ ಮೇಲಿನ ಹೆಸರು ಉಜ್ಜಿ ತೆಗೆಯುತ್ತೀರಾ, ಕ್ಯಾಪ್ಟನ್‌ಗಳ ಹೆಸರಿನ ಬೋರ್ಡು ಏನು ಮಾಡುತ್ತೀರಿ. ಯಾವುದನ್ನೂ ಮುಟ್ಟುವುದಿಲ್ಲ ಎಂದು ನಡಾವಳಿಯಲ್ಲಿ ಬರೆದರು. ಆಮೇಲೆ ಅವರೇ, ಪ್ರತಿಮೆ ಬಿಡಿ ಅಂದರು.

ಗಾಮನದು ಬಿಟ್ಟು ಉಳಿದ ಮೂವರದು ನಿಲ್ಲಿಸೋಣವೇ ಎಂಬ ಮಾತೂ ಬಂತು. ಕೊಲಂಬಸ್ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಐನೂರರಷ್ಟು ಟೈನೋ ಜನರನ್ನು ಗುಲಾಮರಾಗಿ ಸ್ಪೇನಿಗೆ ಸಾಗಿಸಿದ್ದು 1495ರಲ್ಲಿ. ಆಡಳಿತದ ದೂರುಗಳ ಮೇಲೆ 1500ರಲ್ಲಿ ಅವನಿಗೆ ಬೇಡಿ ಹಾಕಿದ್ದು ಸ್ಪೇನಿನ ರಾಜ್ಯವೇ. ಅದು ಹೇಳಿದ ಮೇಲೆ ಉಳಿದ ಇಬ್ಬರ ಲೆಕ್ಕ ತೆಗೆಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಸಭೆ ಒಂದು ನಿಯಮ ಮಾಡಿತು: ಗೇಟಿನಲ್ಲಿ ಯಾರನ್ನೇ ನಿಲ್ಲಿಸುವುದಿದ್ದರೂ, ಅವರೊಂದಿಗೆ ಇದ್ದವರು ಬರೆದದ್ದು ಮತ್ತು ಅವರಿಂದ ನೊಂದವರ ಕಡೆಯವರು ಬರೆದದ್ದು, ಎರಡನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿದ ಮೇಲೆಯೇ ಮತ ಹಾಕಬೇಕು. ನಿಯಮ ಇನ್ನೂ ಬಳಕೆಗೆ ಬಂದಿಲ್ಲ, ಯಾಕೆಂದರೆ ಅಲ್ಲಿಂದ ಈಚೆಗೆ ಯಾರೂ ಪ್ರತಿಮೆ ಕೊಡಲು ಮುಂದೆ ಬಂದಿಲ್ಲ.

ಆದದ್ದು, ಆಗದ್ದು

ಶಿಲ್ಪಿಗೆ ಕೊಟ್ಟ ಮುಂಗಡ ಹೋದದ್ದು ಹೋಯಿತು. ಪೀಠಗಳ ಮೇಲೆ ಆಂಥೂರಿಯಂ ಕುಂಡಗಳಿವೆ. ಉಳಿದ ಹಣವನ್ನು ದಾನಿಗಳು ವಾಪಸ್ ಕೇಳಲಿಲ್ಲ. ಅದರಲ್ಲಿ ಒ‌ಂಬತ್ತನೇ ತರಗತಿಯವರು ಬಸ್ಸಿನಲ್ಲಿ ಕಣ್ಣೂರಿಗೆ ಹೋಗಿ, ಪೋರ್ಚುಗೀಸರು 1505ರಲ್ಲಿ ಕಟ್ಟಲು ಶುರು ಮಾಡಿದ ಸೇಂಟ್ ಏಂಜಲೋ ಕೋಟೆ ನೋಡಿ ಬಂದರು.

ಹೌಸ್‌ಗಳ ಹೆಸರು ಆ ವರ್ಷ ಬದಲಾಗಲಿಲ್ಲ. ಟೀ ಶರ್ಟ್ ಅಚ್ಚಾಗಿತ್ತು, ಮಹೋತ್ಸವ ಹತ್ತಿರ ಬಂದಿತ್ತು. ಹೆಸರಿಲ್ಲದ ಖಾಲಿ ಹಳದಿ ಟೀ ಶರ್ಟ್ ಬೇಕಾದವರಿಗೆ ಅದನ್ನೇ ಕೊಟ್ಟರು. ಚೀಟಿ ಬರೆದವಳು ಅದನ್ನೇ ಹಾಕಿಕೊಂಡು ಅದೇ ಹೌಸ್‌ಗೆ ಓಡಿದಳು. ಬದಲಾದದ್ದು ಎರಡು ವರ್ಷದ ನಂತರ: ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿ, ಬರಪೊಳೆ. ಹಳದಿಗೆ ಬರಪೊಳೆ ಸಿಕ್ಕಿತು. ಹಳಬರು ಈಗಲೂ ಗಾಮ ಹೌಸ್ ಅನ್ನುತ್ತಾರೆ, ಮೈದಾನದಲ್ಲಿ ಕೂಗುವಾಗಂತೂ ಅದೇ.

ವಾಟ್ಸ್ಆ್ಯಪ್ ಸಂದೇಶಕ್ಕೆ ಶಾಲೆ ಉತ್ತರ ಕೊಡಲಿಲ್ಲ. ಮುಖ್ಯೋಪಾಧ್ಯಾಯಿನಿಗೆ ಕೊಡಬೇಕೆಂದಿತ್ತು, ಬೇಡವೆಂದವರು ಮಂಡಳಿಯವರು. ಇದರಲ್ಲಿ ನಾನು ಮುಖ್ಯೋಪಾಧ್ಯಾಯಿನಿಯ ಪರ. ಎರಡು ಮನೆಗಳವರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು, ಮತ್ತು ಪ್ರಕರಣ ‘ಇಂಥವರ’ ಒತ್ತಡದಿಂದ ಆದದ್ದೆಂದು ನಂಬಿದವರು ಇಂದಿಗೂ ಹಾಗೇ ನಂಬಿದ್ದಾರೆ. ಸಭೆಯಲ್ಲಿ ಓದಿದ ಪುಟಗಳನ್ನೇ ಪೋಷಕರ ಕೈಗೂ ಕೊಟ್ಟಿದ್ದರೆ ಎಲ್ಲರೂ ಒಪ್ಪುತ್ತಿದ್ದರೆಂದಲ್ಲ. ಜಗಳಕ್ಕೆ ಹಡಗಿನ ಬಗ್ಗೆಯಾದರೂ ಆಗುವ ಅವಕಾಶ ಇರುತ್ತಿತ್ತು.

ಪಠ್ಯದಲ್ಲಿ ಏನೂ ಬದಲಾಗಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಗಾಮನನ್ನು ಪಾಠದಿಂದ ತೆಗೆಯಿರಿ ಎಂದು ಆ ಹುಡುಗಿಯೂ ಕೇಳಿರಲಿಲ್ಲ. ಮೇಷ್ಟ್ರು ಈಗ ಆ ಅಧ್ಯಾಯಕ್ಕೆ ಎರಡು ಪೀರಿಯಡ್ ಹೆಚ್ಚು ತೆಗೆದುಕೊಳ್ಳುತ್ತಾರೆ, ಉಡುಗೊರೆಯ ಪಟ್ಟಿಯಿಂದ ಶುರು ಮಾಡುತ್ತಾರೆ.

ಇಂಥದೇ ಪ್ರಶ್ನೆ ಎದ್ದ ಇನ್ನೊಂದು ಶಾಲೆಯವರು ಆ ಕನ್ನಡ ಪುಟಗಳನ್ನು ನನ್ನಲ್ಲಿ ಕೇಳಿದರು. ಅವರಿಗೆ ಬೇಕಾಗಿದ್ದದ್ದು ಲೋಪೆಸ್‌ನ ಪುಟ ಮಾತ್ರ. ದಿನಚರಿ, ಪೊನ್ನಾನಿಯ ಪುಟ ಎಲ್ಲ ಒಟ್ಟಿಗೆ ಓದಿಸುವುದಾದರೆ ಕೊಡುತ್ತೇನೆ, ಒಂದನ್ನೇ ಕಿತ್ತು ಕೊಡುವುದಿಲ್ಲ ಅಂದೆ. ಯೋಚಿಸಿ ಹೇಳುತ್ತೇವೆ ಅಂದವರು ಇನ್ನೂ ಹೇಳಿಲ್ಲ.